ವಾರನ್ನಾ, ಲವ್‌ಲ್ಯಾಂಡಾ, ಫ್ಯಾನಿನ್ನಾ? ಡ್ರಾಫ್ಟ್‌ಗೆ ಬರುವ ಟೈಟ್ ಎಂಡ್‌ಗಳನ್ನು ಹೋಲಿಸಿ ನೋಡುವುದು ಹೇಗೆ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್, ಅದರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು ಡ್ರಾಫ್ಟ್‌ನಲ್ಲಿ. 2025ರ ಡ್ರಾಫ್ಟ್‌ಗೆ ಮುಂಚೆ ಅಭಿಮಾನಿಗಳು ಜೋರಾಗಿ ಜಗಳವಾಡಿದ ಪ್ರಶ್ನೆಗಳಲ್ಲಿ ಇದೂ ಒಂದು. ಮೊದಲು ಹೋಗಬೇಕಾದ ಟೈಟ್ ಎಂಡ್ (ಎದುರಾಳಿಯನ್ನು ತಳ್ಳಿ ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ಯಾರು? ಪೆನ್ ಸ್ಟೇಟ್‌ನ ಟೈಲರ್ ವಾರನ್ನಾ, ಮಿಷಿಗನ್‌ನ ಕೋಲ್ಸ್ಟನ್ ಲವ್‌ಲ್ಯಾಂಡಾ? ಬರೀ ಅಂಕಿ ನೋಡಿದರೆ ಜಗಳವೇ ಬೇಕಿರಲಿಲ್ಲ. 2024ರ ಸೀಸನ್‌ನಲ್ಲಿ ವಾರನ್ 104 ಕ್ಯಾಚ್ ಹಿಡಿದು 1,233 ಗಜ ಗಳಿಸಿದ್ದ. ಲವ್‌ಲ್ಯಾಂಡ್‌ದು 56 ಕ್ಯಾಚ್, 582 ಗಜ. ಆದರೂ ಶಿಕಾಗೊ ಬೇರ್ಸ್ ತಂಡ 10ನೇ ಪಿಕ್‌ನಲ್ಲಿ, ಅಂದರೆ ಆರಿಸುವ 10ನೇ ಸರದಿಯಲ್ಲಿ, ಲವ್‌ಲ್ಯಾಂಡ್‌ನನ್ನೇ ಆರಿಸಿತು. ವಾರನ್ 14ನೇ ಪಿಕ್‌ನಲ್ಲಿ ಇಂಡಿಯಾನಾಪೋಲಿಸ್ ಕೋಲ್ಟ್ಸ್‌ಗೆ ಹೋದ.

ಶಿಕಾಗೊ ಎಡವಿತಾ? ನನಗೆ ಹಾಗೆ ಅನಿಸುವುದಿಲ್ಲ. ಇಂಡಿಯಾನಾಪೋಲಿಸ್ ಕೂಡ ಎಡವಲಿಲ್ಲ. ಎರಡೂ ತಂಡಗಳಿಗೆ ಬೇಕಾಗಿದ್ದ ಕೆಲಸವೇ ಬೇರೆ ಬೇರೆ. ಟೈಟ್ ಎಂಡ್ ವಿಷಯದಲ್ಲಿ "ಯಾರು ಒಳ್ಳೆಯವನು" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ನಮ್ಮ ತಂಡದಲ್ಲಿ ಇವನು ಮಾಡಬೇಕಾದ ಕೆಲಸವನ್ನು ಕಾಲೇಜಿನಲ್ಲಿ ಆಗಲೇ ಮಾಡಿ ತೋರಿಸಿದ್ದಾನಾ" ಅಂತ ಕೇಳಬೇಕು.

ಅಮೆರಿಕದಲ್ಲಿದ್ದು ಶನಿವಾರದ ಕಾಲೇಜು ಆಟಕ್ಕೆ ಅಂಟಿಕೊಂಡವರು, ಆಫೀಸಿನವರ ಒತ್ತಾಯಕ್ಕೆ ಫ್ಯಾಂಟಸಿ ಲೀಗ್ ಸೇರಿ ಸಿಕ್ಕಿಹಾಕಿಕೊಂಡವರು, ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಹೈಲೈಟ್ಸ್ ನೋಡುವವರು, ಇಂಥವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಡ್ರಾಫ್ಟ್ ಹೊಸದಾದವರಿಗೆ ಎರಡು ಮಾತು. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಕೂಗು ಇಲ್ಲ. 32 ತಂಡ, ಏಳು ಸುತ್ತು. ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಸರದಿ ಬಂದಾಗ ಒಬ್ಬನ ಹೆಸರು ಹೇಳಬೇಕು, ಅಷ್ಟೇ.

ಕೆಲಸ ಒಂದಲ್ಲ, ಎರಡು

ಟೈಟ್ ಎಂಡ್ ನಿಲ್ಲುವುದು ಆಕ್ರಮಣದ ಸಾಲಿನ ತುದಿಯಲ್ಲಿ, ಟ್ಯಾಕಲ್ ಅನ್ನುವ ದೊಡ್ಡ ಮೈಯ ಆಟಗಾರನ ಪಕ್ಕದಲ್ಲಿ. ಒಂದು ಸ್ನ್ಯಾಪ್‌ನಲ್ಲಿ (ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದು ಆಟ) ತನಗಿಂತ ದಪ್ಪ ಇರುವ, ಎದುರು ಸಾಲಿನ ಡಿಫೆನ್ಸಿವ್ ಎಂಡ್‌ನನ್ನು ತಳ್ಳಿ ಹಿಡಿಯಬೇಕು. ಮುಂದಿನ ಸ್ನ್ಯಾಪ್‌ನಲ್ಲಿ ತನಗಿಂತ ಚುರುಕಾಗಿರುವ, ಹಿಂದೆ ಕಾಯುವ ಸೇಫ್ಟಿಯನ್ನು ಬಿಟ್ಟು ಓಡಿ ಚೆಂಡು ಹಿಡಿಯಬೇಕು. ನಮ್ಮ ಕ್ರಿಕೆಟ್ ಲೆಕ್ಕದಲ್ಲಿ ಇವನು ವಿಕೆಟ್ ಕೀಪರ್ ಬ್ಯಾಟರ್. ರನ್ ಹೊಡೆಯುತ್ತಾನೆ ಅಂತಲೇ ತಂಡಕ್ಕೆ ತಗೊಂಡರೂ, ಗ್ಲೌಸ್ ಹಾಕಿಕೊಂಡು ಕ್ಯಾಚ್ ಬಿಡುತ್ತಾ ಹೋದರೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?

ಕೋಚ್‌ಗಳು ಈ ಜಾಗವನ್ನು ಎರಡಾಗಿ ನೋಡುತ್ತಾರೆ. ಟ್ಯಾಕಲ್ ಪಕ್ಕದಲ್ಲೇ ಕೈ ನೆಲಕ್ಕೆ ಊರಿ ನಿಲ್ಲುವವನು 'ವೈ'. ಸಾಲಿನಿಂದ ಸ್ವಲ್ಪ ಹಿಂದೆಯೋ, ಸಾಲಿಗೂ ಅಂಚಿಗೂ ನಡುವಿನ ಸ್ಲಾಟ್‌ನಲ್ಲೋ, ಒಮ್ಮೊಮ್ಮೆ ಅಂಚಿನಲ್ಲೋ ನಿಂತು ಜಾಗ ಬದಲಿಸುತ್ತಾ ಇರುವವನು 'ಎಫ್'. ವೈಗೆ ಬ್ಲಾಕಿಂಗ್ (ಎದುರಾಳಿಯನ್ನು ತಳ್ಳಿ ತಡೆಯುವುದು) ಮೊದಲು, ಕ್ಯಾಚ್ ಆಮೇಲೆ. ಎಫ್‌ಗೆ ಉಲ್ಟಾ. ಎರಡನ್ನೂ ಸಮನಾಗಿ ಮಾಡುವವರು ಬಹಳ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊದ ಜಾರ್ಜ್ ಕಿಟಲ್ ಅಂಥವನು. ತನ್ನ ಒಳ್ಳೆಯ ದಿನಗಳಲ್ಲಿ ರಾಬ್ ಗ್ರಾಂಕೌಸ್ಕಿ ಅಂಥವನಾಗಿದ್ದ.

ಈಗ ಶಿಕಾಗೊ ಲೆಕ್ಕ ನೋಡಿ. ಅಲ್ಲಿ ಕೋಲ್ ಕ್ಮೆಟ್ ಆಗಲೇ ಇದ್ದ. 2020ರಲ್ಲಿ ಎರಡನೇ ಸುತ್ತಿನಲ್ಲಿ ಬಂದವನು, ಸಾಲಿನಲ್ಲಿ ನಿಂತು ಬ್ಲಾಕ್ ಮಾಡುವ ವೈ. ಹೊಸ ಮುಖ್ಯ ಕೋಚ್ ಬೆನ್ ಜಾನ್ಸನ್ ಡೆಟ್ರಾಯಿಟ್‌ನಿಂದ ಬಂದಿದ್ದರು. ಡೆಟ್ರಾಯಿಟ್‌ನಲ್ಲಿ ಅವರ ಕೈಯಲ್ಲಿ ಸ್ಯಾಮ್ ಲಪೋರ್ಟಾ ಅನ್ನುವ ಹುಡುಗ 2023ರಲ್ಲಿ, ತನ್ನ ಮೊದಲ ವರ್ಷದಲ್ಲೇ, 86 ಕ್ಯಾಚ್, 10 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ತಲುಪಿಸುವುದು) ಮಾಡಿದ್ದ. ಜಾನ್ಸನ್‌ಗೆ ಬೇಕಿದ್ದದ್ದು ಅಂಥದ್ದೇ ಇನ್ನೊಬ್ಬ. ಜಾಗ ಬದಲಿಸುತ್ತಾ, ಒಬ್ಬನೇ ಕಾವಲಿಗೆ ನಿಂತರೆ ಅವನನ್ನು ಬಿಟ್ಟು ಹೋಗುವವನು. ಲವ್‌ಲ್ಯಾಂಡ್ ಅದಕ್ಕೆ ಸರಿಯಾಗಿ ಹೊಂದುತ್ತಾನೆ. 6 ಅಡಿ 6 ಇಂಚು ಎತ್ತರ, 248 ಪೌಂಡ್, ಅಂದರೆ ಸುಮಾರು 112 ಕಿಲೊ. ಅಷ್ಟು ಎತ್ತರ ಇದ್ದೂ ಸೊಂಟ ಬಗ್ಗಿಸಿ ತಿರುಗುವುದು, ಪಾಸ್ ಹಿಡಿಯುವುದೇ ಕೆಲಸವಾದ ಸಣ್ಣ ರಿಸೀವರ್ ಥರ.

ಕೋಲ್ಟ್ಸ್‌ನಲ್ಲಿ ಟೈಟ್ ಎಂಡ್ ಅಂತ ಹೇಳಿಕೊಳ್ಳುವ ಹೆಸರೇ ಇರಲಿಲ್ಲ. ಜೊನಾಥನ್ ಟೇಲರ್‌ನ ಓಟದ ಮೇಲೆ ನಿಂತ ತಂಡ ಅದು. ಅವರಿಗೆ ಬೇಕಿದ್ದವನು ಮೊದಲ ದಿನದಿಂದ ಸಾಲಿನಲ್ಲೂ ನಿಂತು, ಹಿಂದೆಯೂ ನಿಂತು, ಮೂರೂ ಡೌನ್ ಆಡುವವನು (ಡೌನ್ ಅಂದರೆ 10 ಗಜ ಮುಂದೆ ಹೋಗಲು ಸಿಗುವ ಒಂದೊಂದು ಪ್ರಯತ್ನ). 256 ಪೌಂಡಿನ ವಾರನ್‌ನನ್ನು ಪೆನ್ ಸ್ಟೇಟ್ ಹಾಗೇ ಆಡಿಸಿತ್ತು.

ವಾರನ್‌ನ ಒಂದು ಆಟ

ಇವನನ್ನು ಅರ್ಥ ಮಾಡಿಕೊಳ್ಳಲು 2024ರ ಅಕ್ಟೋಬರ್ 12ರ ಪಂದ್ಯ ಸಾಕು. ಲಾಸ್ ಏಂಜಲಿಸ್‌ನ ಕೊಲಿಸಿಯಂನಲ್ಲಿ ಯುಎಸ್‌ಸಿ ವಿರುದ್ಧ 17 ಕ್ಯಾಚ್, 224 ಗಜ. ಪೆನ್ ಸ್ಟೇಟ್ ಓವರ್‌ಟೈಮ್‌ನಲ್ಲಿ 33–30ರಿಂದ ಗೆದ್ದಿತು. ಆ ದಿನದ ಒಂದು ಟಚ್‌ಡೌನ್‌ನಲ್ಲಿ ವಾರನ್ ನಿಂತದ್ದು ಚೆಂಡು ಸ್ನ್ಯಾಪ್ ಮಾಡುವ ಸೆಂಟರ್ ಜಾಗದಲ್ಲಿ. ಸಾಲಿನ ಉಳಿದವರೆಲ್ಲ ಅವನ ಒಂದೇ ಪಕ್ಕಕ್ಕೆ ನಿಂತಿದ್ದರು. ಹಾಗಾಗಿ ಸೆಂಟರೇ ಸಾಲಿನ ತುದಿಯೂ ಆದ. ತುದಿಯಲ್ಲಿ ನಿಂತವನು ಪಾಸ್ ಹಿಡಿಯಬಹುದು ಅನ್ನುವುದು ನಿಯಮ, ಜೊತೆಗೆ ಅವನ ಜೆರ್ಸಿ ಸಂಖ್ಯೆ 44, ಅದೂ ನಿಯಮಕ್ಕೆ ಸರಿ. ಚೆಂಡನ್ನು ತಾನೇ ಸ್ನ್ಯಾಪ್ ಮಾಡಿ, ಎದ್ದು ಓಡಿ, ಎಂಡ್ ಝೋನ್‌ನಲ್ಲಿ ಎಗರಿ 32 ಗಜದ ಪಾಸ್ ಹಿಡಿದ!

ವಿಡಿಯೋ ನೋಡಿದವರೆಲ್ಲ ವಾಹ್ ಅಂದರು. ನಾನೂ ಅಂದೆ. ಆದರೆ ಅಳೆಯಲು ಕೂತವರು ಈ ಆಟವನ್ನು ಒಂದು ಸಲ ನೋಡಿ ಪಕ್ಕಕ್ಕೆ ಇಡಬೇಕು. ಚೆಂಡು ಗಾಳಿಯಲ್ಲಿರುವಾಗ ಅವನ ಕೈ ಎಷ್ಟು ಗಟ್ಟಿ ಅಂತ ಇದು ಹೇಳುತ್ತದೆ. ಎದುರಾಳಿ ಅಂಟಿಕೊಂಡು ಬಂದಾಗ ಬಿಡಿಸಿಕೊಳ್ಳುತ್ತಾನಾ ಅಂತ ಹೇಳುವುದಿಲ್ಲ. ಆ ವರ್ಷ ವಾರನ್‌ಗೆ ಸಿಕ್ಕ ಚೆಂಡುಗಳಲ್ಲಿ ಬಹಳಷ್ಟು ಕೋಚ್ ಹೆಣೆದು ಕೊಟ್ಟವು. ಗಿಡ್ಡ ಪಾಸ್, ಸ್ಕ್ರೀನ್ (ಮುಂದೆ ಬ್ಲಾಕ್ ಮಾಡುವವರನ್ನು ಇಟ್ಟು ಕೊಡುವ ಪಾಸ್), ನೇರವಾಗಿ ಸ್ನ್ಯಾಪ್ ತಗೊಂಡು ಓಡುವುದು. ಓಡಿಯೇ 4 ಟಚ್‌ಡೌನ್ ಮಾಡಿದ್ದ. ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಆಗಿದ್ದವನು ಅಲ್ವಾ, ಚೆಂಡು ಕೈಗೆ ಬಂದ ಮೇಲೆ ಏನು ಮಾಡಬೇಕು ಅಂತ ಚೆನ್ನಾಗಿ ಗೊತ್ತು. ಇದೆಲ್ಲ ನಿಜವಾದ ಗುಣಗಳೇ. ಹೊಸ ತಂಡದ ಕೋಚ್ ಅದೇ ಥರ ಹೆಣೆಯದೆ ಹೋದರೆ 104 ಕ್ಯಾಚ್‌ನಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನೂ ಕೇಳಿಕೊಳ್ಳಬೇಕು.

ಲವ್‌ಲ್ಯಾಂಡ್‌ನ ಕಥೆ ಉಲ್ಟಾ. 2024ರಲ್ಲಿ ಮಿಷಿಗನ್‌ನ ಪಾಸಿಂಗ್ ತೀರಾ ಸೊರಗಿತ್ತು. ಹಿಂದಿನ ವರ್ಷ ರಾಷ್ಟ್ರೀಯ ಚಾಂಪಿಯನ್ ಆದ ತಂಡದ ಕ್ವಾರ್ಟರ್‌ಬ್ಯಾಕ್, ಕೋಚ್ ಇಬ್ಬರೂ ಎನ್‌ಎಫ್‌ಎಲ್‌ಗೆ ಹೋಗಿಬಿಟ್ಟಿದ್ದರು. ಎದುರು ತಂಡಗಳಿಗೆ ಚೆಂಡು ಯಾರಿಗೆ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಆದರೂ 10 ಪಂದ್ಯಗಳಲ್ಲಿ ಹಿಡಿದ ಆ 56 ಕ್ಯಾಚ್, ಮಿಷಿಗನ್ ಟೈಟ್ ಎಂಡ್ ಒಬ್ಬ ಒಂದು ಸೀಸನ್‌ನಲ್ಲಿ ಹಿಡಿದದ್ದರಲ್ಲಿ ಅತಿ ಹೆಚ್ಚು. 582 ಗಜ ಅನ್ನುವುದನ್ನು ಈ ಬೆಳಕಿನಲ್ಲಿ ಓದಬೇಕು.

ಫಿಲ್ಮ್‌ನಲ್ಲಿ ಎಲ್ಲಿ ಕಣ್ಣಿಡಬೇಕು

ಚೆಂಡಿನ ಹಿಂದೆ ಕಣ್ಣು ಹೋದರೆ ಟೈಟ್ ಎಂಡ್ ಕಾಣುವುದೇ ಇಲ್ಲ. ಸ್ನ್ಯಾಪ್ ಆದ ತಕ್ಷಣ ಅವನ ಕಾಲು ನೋಡಿ.

ಬ್ಲಾಕಿಂಗ್‌ನಿಂದ ಶುರು ಮಾಡೋಣ. ಬಹಳ ಜನ ಇದನ್ನು ಹಾರಿಸಿಬಿಡುತ್ತಾರೆ. ಅತಿ ಕಷ್ಟದ್ದು ರೀಚ್ ಬ್ಲಾಕ್. ಓಟ ಹೊರಗಡೆಗೆ ಹೋಗಬೇಕು, ಆದರೆ ಡಿಫೆನ್ಸಿವ್ ಎಂಡ್ ಆಗಲೇ ಟೈಟ್ ಎಂಡ್‌ನ ಹೊರ ಭುಜದ ಎದುರು ನಿಂತಿದ್ದಾನೆ. ಇವನು ಅವನನ್ನು ಸುತ್ತಿ ಹೊರಗೆ ಹೋಗಿ, ಒಳಕ್ಕೆ ಮುಚ್ಚಬೇಕು. ಮೊದಲ ಹೆಜ್ಜೆ ಮುಂದಕ್ಕೆ ಅಲ್ಲ, ಪಕ್ಕಕ್ಕೆ. ಗಿಡ್ಡ ಹೆಜ್ಜೆ. ಎರಡನೇ ಹೆಜ್ಜೆಗೆ ಎರಡೂ ಕೈ ಎದುರಾಳಿಯ ಎದೆಗೆ ಹೋಗಬೇಕು, ತೋಳಿಗಲ್ಲ. ಆಮೇಲೆ ಸೊಂಟ ಸುತ್ತಿಕೊಂಡು ಬರಬೇಕು. ಕಲಿಯದ ಹುಡುಗ ಇಲ್ಲಿ ಮೈಯನ್ನು ಮುಂದಕ್ಕೆ ಬಾಗಿಸಿ ಬಿಡುತ್ತಾನೆ. ಕಾಲು ನಿಂತುಹೋಗುತ್ತದೆ. ಎದುರಾಳಿ ಒಂದು ಎಳೆತಕ್ಕೆ ಅವನನ್ನು ನೆಲಕ್ಕೆ ಹಾಕಿ ಓಟಗಾರನನ್ನು ಹಿಡಿಯುತ್ತಾನೆ. ಇಲ್ಲದಿದ್ದರೆ ಇವನೇ ಜೆರ್ಸಿ ಹಿಡಿದು ಎಳೆದು ಹೋಲ್ಡಿಂಗ್ ದಂಡ ತರುತ್ತಾನೆ. ಡಿಕ್ಕಿಯಾದ ಮೇಲೂ ಕಾಲು ಓಡುತ್ತಲೇ ಇದೆಯಾ? ಬ್ಲಾಕಿಂಗ್‌ನಲ್ಲಿ ನಾನು ಮೊದಲು ನೋಡುವುದು ಇದನ್ನೇ. ತೂಕ ಆಮೇಲೂ ಬರುತ್ತದೆ. ಈ ಹಟ ಬರುವುದು ಕಷ್ಟ.

ಅದೃಷ್ಟಕ್ಕೆ ಟಿವಿ ಕ್ಯಾಮೆರಾದಲ್ಲೂ ಬ್ಲಾಕಿಂಗ್ ಚೆನ್ನಾಗಿ ಕಾಣುತ್ತದೆ, ಸಾಲು ಯಾವಾಗಲೂ ಚೌಕಟ್ಟಿನ ಒಳಗೇ ಇರುತ್ತದೆ. ರೂಟ್‌ಗಳದ್ದೇ, ಅಂದರೆ ಪಾಸ್‌ಗಾಗಿ ಓಡುವ ದಾರಿಗಳದ್ದೇ, ತೊಂದರೆ. 12 ಗಜ ದಾಟಿದ ಮೇಲೆ ಚೆಂಡು ಎಸೆಯುವ ತನಕ ಅವನು ಏನು ಮಾಡುತ್ತಿದ್ದ ಅಂತ ಟಿವಿಯಲ್ಲಿ ಕಾಣುವುದಿಲ್ಲ. 22 ಜನರೂ ಕಾಣುವ ಆಲ್-22 ಫಿಲ್ಮ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ರೀಪ್ಲೇಗಳನ್ನಾದರೂ ಬಿಡಬೇಡಿ.

ರೂಟ್‌ನಲ್ಲಿ ಎರಡು ಬೇರೆ ಬೇರೆ ಪರೀಕ್ಷೆ. ಎದುರಾಳಿಗಳು ಝೋನ್ ಆಡುವಾಗ (ಒಬ್ಬೊಬ್ಬರೂ ಒಂದು ಜಾಗ ಕಾಯುವುದು) ಟೈಟ್ ಎಂಡ್‌ಗೆ ಬೇಕಾದ್ದು ತಲೆ. ಇಬ್ಬರು ಲೈನ್‌ಬ್ಯಾಕರ್‌ಗಳ ನಡುವಿನ ಖಾಲಿ ಜಾಗಕ್ಕೆ ಬಂದು ನಿಲ್ಲಬೇಕು, ಓಡುತ್ತಲೇ ಇರಬಾರದು. ನಿಂತು ಎದೆಯನ್ನು ಕ್ವಾರ್ಟರ್‌ಬ್ಯಾಕ್ ಕಡೆ ತಿರುಗಿಸಬೇಕು. ಟ್ರಾವಿಸ್ ಕೆಲ್ಸಿ ಇಷ್ಟು ವರ್ಷ ಇದರಲ್ಲೇ ಊಟ ಮಾಡಿದ್ದಾನೆ. ಅವನೂ ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವನೇ. ಮ್ಯಾನ್ ಆಡುವಾಗ (ಒಬ್ಬೊಬ್ಬರೂ ಒಬ್ಬ ಆಟಗಾರನನ್ನೇ ಕಾಯುವುದು) ಬೇಕಾದ್ದು ಸೊಂಟ. ಜೋರಾಗಿ ಓಡಿ ಬಂದು, ತಿರುಗುವ ಮುಂಚೆ ಎಷ್ಟು ಹೆಜ್ಜೆಯಲ್ಲಿ ನಿಲ್ಲುತ್ತಾನೆ? ಉದ್ದ ಕಾಲಿನವರು ಇಲ್ಲಿ ತಟಪಟ ಅಂತ ನಾಲ್ಕೈದು ಹೆಜ್ಜೆ ಹಾಕುತ್ತಾರೆ, ಅಷ್ಟರಲ್ಲಿ ಸೇಫ್ಟಿಗೆ ವಿಷಯ ಗೊತ್ತಾಗಿಬಿಟ್ಟಿರುತ್ತದೆ. ಲವ್‌ಲ್ಯಾಂಡ್ ಹಾಗೆ ಮಾಡುವುದಿಲ್ಲ. ವಾರನ್‌ಗಿಂತ ಅವನನ್ನು ಮೇಲೆ ಇಟ್ಟವರೆಲ್ಲ ತೋರಿಸಿದ್ದು ಇದೇ ಒಂದು ವಿಷಯವನ್ನು. ಝೋನ್‌ನಲ್ಲಿ ಮಾತ್ರ ಗೆಲ್ಲುವವನು ಒಳ್ಳೆಯ ಟೈಟ್ ಎಂಡ್ ಆಗಬಹುದು. ಮೂರನೇ ಡೌನ್‌ನಲ್ಲಿ ಮ್ಯಾನ್ ಎದುರು ಗೆಲ್ಲದವನಿಗೆ ಮೊದಲ ಸುತ್ತಿನ ಪಿಕ್ ಕೊಡುವುದು ನನಗೆ ದುಬಾರಿ ಅನಿಸುತ್ತದೆ.

ಕ್ಯಾಚ್ ಹಿಡಿಯುವಾಗ ಚೆಂಡು ಕೈಗೆ ಬರುತ್ತದಾ, ಎದೆಗೆ ಬರುತ್ತದಾ ನೋಡಿ. ಎದೆಗೆ ಆನಿಸಿ ಹಿಡಿಯುವವರಿಗೆ ಜನಸಂದಣಿಯಲ್ಲಿ ಚೆಂಡು ಜಾರುತ್ತದೆ. ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಕಣ್ಣಿಗೆ ಕಾಣುತ್ತದೆ.

ಕ್ಯಾಚ್ ಲೆಕ್ಕ ಎಷ್ಟು ನಂಬಬಹುದು

ಮೂರನೇ ಹುಡುಗ ಹ್ಯಾರಲ್ಡ್ ಫ್ಯಾನಿನ್ ಜೂನಿಯರ್. ಓಹಾಯೊದ ಬೌಲಿಂಗ್ ಗ್ರೀನ್, ದೊಡ್ಡ ಹೆಸರಿಲ್ಲದ ತಂಡ. 2024ರಲ್ಲಿ 117 ಕ್ಯಾಚ್, 1,555 ಗಜ. ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಯಾವ ಟೈಟ್ ಎಂಡ್ ಕೂಡ ಒಂದು ಸೀಸನ್‌ನಲ್ಲಿ ಅಷ್ಟು ಗಜ ಗಳಿಸಿರಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: ಸಣ್ಣ ತಂಡಗಳ ಎದುರು ಯಾರು ಬೇಕಾದರೂ ಹಿಡಿಯುತ್ತಾರೆ, ದೊಡ್ಡವರ ಎದುರು?

ಉತ್ತರ ಆ ಸೀಸನ್‌ನ ಶುರುವಿನಲ್ಲೇ ಇತ್ತು. 2024ರ ಸೆಪ್ಟೆಂಬರ್ 7ರಂದು ಬೌಲಿಂಗ್ ಗ್ರೀನ್ ಹೋಗಿ ಆಡಿದ್ದು ಪೆನ್ ಸ್ಟೇಟ್ ಮೈದಾನದಲ್ಲಿ. ಫ್ಯಾನಿನ್ 11 ಕ್ಯಾಚ್, 137 ಗಜ. ಅದೇ ಪಂದ್ಯದಲ್ಲಿ ಎದುರು ತಂಡದ ವಾರನ್ 8 ಕ್ಯಾಚ್, 146 ಗಜ. ಒಂದೇ ಮಧ್ಯಾಹ್ನ, ಒಂದೇ ಹುಲ್ಲಿನ ಮೇಲೆ ಇಬ್ಬರನ್ನೂ ಹೋಲಿಸಿ ನೋಡಬಹುದು. ಇಂಥ ಅವಕಾಶ ಬಹಳ ಅಪರೂಪ. ಗೆದ್ದದ್ದು ಪೆನ್ ಸ್ಟೇಟ್, 34–27. ಆದರೆ ಫ್ಯಾನಿನ್‌ನನ್ನು ಹಿಡಿಯಲು ಅವರ ಕೈಲಿ ಆಗಲಿಲ್ಲ. ಎರಡು ವಾರದ ನಂತರ ಟೆಕ್ಸಸ್ ಎ ಅಂಡ್ ಎಂ ಎದುರು 8 ಕ್ಯಾಚ್, 145 ಗಜ. ಸಣ್ಣ ಕಾಲೇಜಿನ ಹುಡುಗನನ್ನು ನೋಡುವಾಗ ಇಡೀ ಸೀಸನ್‌ನ ಒಟ್ಟು ಮೊತ್ತ ಬೇಡ. ದೊಡ್ಡ ತಂಡಗಳ ಎದುರಿನ ಎರಡು ಮೂರು ಪಂದ್ಯ ಆರಿಸಿ ಅಷ್ಟನ್ನೇ ನೋಡಿ. ಜನವರಿ ಕೊನೆಯ ಹೊತ್ತಿಗೆ ಅಲಬಾಮದ ಮೊಬೀಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್ ಅಭ್ಯಾಸಗಳೂ ಇದಕ್ಕೇ ಉಪಯೋಗ. ಅಲ್ಲಿ ಎಲ್ಲ ಊರಿನವರೂ ಒಬ್ಬರ ಎದುರು ಒಬ್ಬರು ನಿಲ್ಲುತ್ತಾರೆ.

ಕಡಿಮೆ ಕ್ಯಾಚ್ ಇದ್ದರೆ? ಕಿಟಲ್ ಅಯೊವಾದಲ್ಲಿ ಆಡಿದ ಅಷ್ಟೂ ವರ್ಷ ಸೇರಿ ಹಿಡಿದದ್ದು ಬರೀ 48. ಫ್ಯಾನಿನ್ ಒಂದು ವರ್ಷದಲ್ಲಿ ಹಿಡಿದದ್ದರ ಅರ್ಧಕ್ಕಿಂತ ಕಡಿಮೆ. 2018ರಲ್ಲಿ, ಎನ್‌ಎಫ್‌ಎಲ್‌ನ ಎರಡನೇ ವರ್ಷದಲ್ಲೇ, ಅದೇ ಕಿಟಲ್ 1,377 ಗಜ ಗಳಿಸಿ ಟೈಟ್ ಎಂಡ್‌ಗಳ ದಾಖಲೆ ಮುರಿದ. ಕಾಲೇಜು ಅವನಿಗೆ ಚೆಂಡು ಕೊಡಲಿಲ್ಲ ಅಷ್ಟೇ. ಅಯೊವಾ ಕೋಚ್ ಕರ್ಕ್ ಫೆರೆಂಟ್ಸ್ 1999ರಿಂದ ಅಲ್ಲೇ ಇದ್ದಾರೆ. ಅವರ ತಂಡದಲ್ಲಿ ಟೈಟ್ ಎಂಡ್ ಮೊದಲು ಬ್ಲಾಕ್ ಕಲಿಯಬೇಕು. ಡಲಾಸ್ ಕ್ಲಾರ್ಕ್, ಕಿಟಲ್, ನೋವಾ ಫ್ಯಾಂಟ್, ಟಿ.ಜೆ. ಹಾಕನ್ಸನ್, ಲಪೋರ್ಟಾ ಎಲ್ಲರೂ ಆ ಗರಡಿಯವರೇ. ಅಯೊವಾದಿಂದ ಬಂದವನ ಕ್ಯಾಚ್ ಲೆಕ್ಕ ಕಡಿಮೆ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲರಿಗೂ ಚೆಂಡು ಹಂಚುವ, ಪಂದ್ಯಕ್ಕೆ 40 ಪಾಸ್ ಎಸೆಯುವ ತಂಡದಿಂದ ಬಂದವನ ಲೆಕ್ಕ ಕಡಿಮೆ ಇದ್ದರೆ ಮಾತ್ರ ಕೆಡಿಸಿಕೊಳ್ಳುತ್ತೇನೆ.

40 ಗಜದ ಓಟ

ಫೆಬ್ರವರಿ ಕೊನೆಗೆ ಇಂಡಿಯಾನಾಪೋಲಿಸ್‌ನಲ್ಲಿ ಡ್ರಾಫ್ಟ್‌ಗೆ ಬರುವವರ ಮೈಕಟ್ಟು, ವೇಗ ಅಳೆಯುವ ಕಂಬೈನ್ ನಡೆಯುತ್ತದೆ. ಎತ್ತರ, ತೂಕ, 40 ಗಜದ ಓಟ, ಜಿಗಿತ, ಶಟಲ್ (ಆಕಡೆ ಈಕಡೆ ತಿರುಗಿ ಓಡುವುದು), ಮೂರು ಕೋನ್ ಸುತ್ತುವುದು. ಟಿವಿಯವರು 40 ಗಜದ ಓಟಕ್ಕೆ ಕೊಡುವ ಅಬ್ಬರ ನೋಡಿದರೆ ಬೇರೆ ಏನೂ ಬೇಡವೇನೋ ಅನಿಸಬೇಕು.

2017ರ ಡ್ರಾಫ್ಟ್ ತೆಗೆದು ನೋಡಿ. ಅಲಬಾಮದ ಓ.ಜೆ. ಹೋವರ್ಡ್ 4.51 ಸೆಕೆಂಡ್. ಕಿಟಲ್ 4.52. ಕಣ್ಣು ಮಿಟುಕಿಸುವಷ್ಟೂ ವ್ಯತ್ಯಾಸ ಇಲ್ಲ. ಹೋವರ್ಡ್ 19ನೇ ಪಿಕ್, ಕಿಟಲ್ 146ನೇ ಪಿಕ್, ಐದನೇ ಸುತ್ತು. ನಡುವೆ ಮೊದಲ ಸುತ್ತಿನಲ್ಲೇ ಇವಾನ್ ಎಂಗ್ರಮ್ ಮತ್ತು ಡೇವಿಡ್ ಎನ್‌ಜೋಕು ಹೋದರು. ಎಂಗ್ರಮ್‌ದು 4.42. ಹೋವರ್ಡ್ ಮೇಲೆ ಅಷ್ಟು ಪ್ರೀತಿ ಯಾಕೆ? ಎತ್ತರ ಇತ್ತು, ಅಲಬಾಮದ ಹೆಸರು ಇತ್ತು, 2016ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಕ್ಲೆಮ್ಸನ್ ಎದುರು 5 ಕ್ಯಾಚ್‌ನಲ್ಲಿ 208 ಗಜ ಹೊಡೆದ ನೆನಪು ಎಲ್ಲರ ಕಣ್ಣಲ್ಲಿ ಇತ್ತು. ಎನ್‌ಎಫ್‌ಎಲ್‌ನಲ್ಲಿ ಅವನ ಅತ್ಯುತ್ತಮ ವರ್ಷ 565 ಗಜ. ಗಾಯಗಳೂ ಕಾಡಿದವು, ಅದನ್ನು ಒಪ್ಪಬೇಕು. ಆದರೂ ಆ ಫೈನಲ್‌ನ ಎರಡು ಟಚ್‌ಡೌನ್‌ಗಳಲ್ಲಿ ಅವನ ಹತ್ತಿರ ಕಾವಲಿಗೆ ಯಾರೂ ಇರಲಿಲ್ಲ ಅನ್ನುವುದನ್ನು ಆಗಲೇ ಗಮನಿಸಬಹುದಿತ್ತು.

ಹಾಗಂತ ಗಡಿಯಾರ ಸುಳ್ಳು ಅಂತಲ್ಲ. ವೇಗ ಇಲ್ಲದವನು ನಡುವಿನ ಉದ್ದ ರೂಟ್‌ನಲ್ಲಿ ಸೇಫ್ಟಿಗಳನ್ನು ಹೆದರಿಸಲಾರ. ಆದರೆ ಟೈಟ್ ಎಂಡ್ 40 ಗಜ ನೇರ ಓಡುವುದು ಎಷ್ಟು ಸಲ? ಮೊದಲ 10 ಗಜದ ಸಮಯ, ಶಟಲ್, ಮೂರು ಕೋನ್, ಇವು ಅವನ ದಿನನಿತ್ಯದ ಕೆಲಸಕ್ಕೆ ಹತ್ತಿರ. ಜಾರ್ಜಿಯಾದ ಡಾರ್ನೆಲ್ ವಾಷಿಂಗ್ಟನ್ 6 ಅಡಿ 7 ಇಂಚು, 264 ಪೌಂಡ್ ಇದ್ದೂ 2023ರಲ್ಲಿ ಶಟಲ್ 4.08 ಸೆಕೆಂಡಿಗೆ ಮುಗಿಸಿದಾಗ ಜನ ಎದ್ದು ಕೂತರು. ಫ್ಯಾನಿನ್ 4.71 ಓಡಿದ, ಅಷ್ಟೇನೂ ಅಲ್ಲ. ವಾರನ್, ಲವ್‌ಲ್ಯಾಂಡ್ ಇಬ್ಬರೂ ಕಂಬೈನ್‌ನಲ್ಲಿ ಓಡಲೇ ಇಲ್ಲ. 2024ರಲ್ಲಿ ಬ್ರಾಕ್ ಬೋವರ್ಸ್ ಕೂಡ ಓಡಿರಲಿಲ್ಲ. ಆಮೇಲೆ ರೇಡರ್ಸ್ ಪರ ಮೊದಲ ವರ್ಷವೇ 112 ಕ್ಯಾಚ್, 1,194 ಗಜ!

ವಯಸ್ಸು, ಗಾಯ

ಬಾಲ್ಟಿಮೋರ್ ರೇವನ್ಸ್ 2018ರಲ್ಲಿ ಒಂದೇ ಡ್ರಾಫ್ಟ್‌ನಲ್ಲಿ ಇಬ್ಬರು ಟೈಟ್ ಎಂಡ್‌ಗಳನ್ನು ತಗೊಂಡಿತು. 25ನೇ ಪಿಕ್‌ನಲ್ಲಿ ಸೌತ್ ಕ್ಯಾರೊಲಿನಾದ ಹೇಡನ್ ಹರ್ಸ್ಟ್. 86ನೇ ಪಿಕ್‌ನಲ್ಲಿ ಓಕ್ಲಹೋಮಾದ ಮಾರ್ಕ್ ಆಂಡ್ರೂಸ್. ಹರ್ಸ್ಟ್ ಮೊದಲು ಬೇಸ್‌ಬಾಲ್ ಪಿಚರ್ ಆಗಿದ್ದ, ಆಮೇಲೆ ಫುಟ್‌ಬಾಲ್‌ಗೆ ಬಂದ. ಹಾಗಾಗಿ ಮೊದಲ ಸೀಸನ್ ಶುರುವಾಗುವ ಹೊತ್ತಿಗೆ 25 ವರ್ಷ. ಆಂಡ್ರೂಸ್‌ಗೆ ಡಯಾಬಿಟೀಸ್ ಇತ್ತು, ಬ್ಲಾಕಿಂಗ್ ಬಗ್ಗೆ ಅನುಮಾನ ಇತ್ತು. ಆದರೆ ಚಿಕ್ಕ ವಯಸ್ಸು, ಕಾಲೇಜಿನ ಉದ್ದಕ್ಕೂ ಚೆಂಡು ಹಿಡಿದ ಲೆಕ್ಕ. ಹರ್ಸ್ಟ್‌ನನ್ನು ತಂಡ ಎರಡು ವರ್ಷಕ್ಕೇ ಅಟ್ಲಾಂಟಾಗೆ ಕೊಟ್ಟುಬಿಟ್ಟಿತು. ಆಂಡ್ರೂಸ್ 2021ರಲ್ಲಿ 107 ಕ್ಯಾಚ್, 1,361 ಗಜ.

24 ವರ್ಷದವನು 19ರ ಹುಡುಗರ ಎದುರು ಗೆದ್ದರೆ ಅದರಲ್ಲಿ ಪ್ರತಿಭೆ ಎಷ್ಟು, ಬಲಿತ ಮೈ ಎಷ್ಟು ಅಂತ ಬೇರ್ಪಡಿಸುವುದು ಕಷ್ಟ. ವಾರನ್ ವಿಷಯದಲ್ಲೂ ಸ್ವಲ್ಪ ಇದೇ ಅಳುಕು. ಕಾಲೇಜಿನಲ್ಲಿ ಐದು ವರ್ಷ, ಡ್ರಾಫ್ಟ್ ಆದ ಮುಂದಿನ ತಿಂಗಳಿಗೆ 23 ತುಂಬಿತು. ಲವ್‌ಲ್ಯಾಂಡ್‌ಗೆ ಆಗ ತಾನೇ 21. ಫ್ಯಾನಿನ್ ಇನ್ನೂ ಚಿಕ್ಕವನು, 20. ಎರಡು ವರ್ಷದ ಅಂತರ ಪೂರ್ತಿ ನಿರ್ಧಾರ ಮಾಡುವಂಥದ್ದಲ್ಲ. ಉಳಿದದ್ದೆಲ್ಲ ಸಮ ಬಂದಾಗ ಚಿಕ್ಕವನನ್ನು ತಗೊಳ್ಳಿ.

ಗಾಯದ ವಿಷಯದಲ್ಲಿ ವೈದ್ಯರ ಮಾತು ನಮಗೆ ಸಿಗುವುದಿಲ್ಲ, ಹಾಗಾಗಿ ಊಹೆ ಜಾಸ್ತಿ ಬೇಡ. ಲವ್‌ಲ್ಯಾಂಡ್‌ಗೆ 2025ರ ಜನವರಿಯಲ್ಲಿ ಭುಜದ ಆಪರೇಷನ್ ಆಗಿತ್ತು. ಗ್ರಾಂಕೌಸ್ಕಿ ಬೆನ್ನಿನ ಆಪರೇಷನ್‌ನಿಂದ 2009ರ ಸೀಸನ್ ಪೂರ್ತಿ ಕಳೆದುಕೊಂಡಿದ್ದ, 2010ರಲ್ಲಿ 42ನೇ ಪಿಕ್‌ಗೆ ಇಳಿದ, 2011ರಲ್ಲಿ 17 ಟಚ್‌ಡೌನ್ ಪಾಸ್ ಹಿಡಿದ. ಒಂದು ಸಲ ಆದ ಗಾಯಕ್ಕಿಂತ ಅದೇ ಜಾಗಕ್ಕೆ ಮತ್ತೆ ಮತ್ತೆ ಆಗುವ ಗಾಯಕ್ಕೆ ಹೆದರಬೇಕು.

ಯಾವ ಸುತ್ತಿನಲ್ಲಿ, ಎಷ್ಟು ಬೆಲೆಗೆ

ಎನ್‌ಎಫ್‌ಎಲ್‌ನಲ್ಲಿ ಹೊಸಬನ ಸಂಬಳ ಅವನ ಪಿಕ್ ಸಂಖ್ಯೆಯ ಮೇಲೆ ಹೋಗುತ್ತದೆ, ಆಡುವ ಜಾಗದ ಮೇಲಲ್ಲ. 10ನೇ ಪಿಕ್ ಟೈಟ್ ಎಂಡ್ ಆದರೂ, ರಿಸೀವರ್ ಆದರೂ ಹೆಚ್ಚುಕಮ್ಮಿ ಒಂದೇ ಒಪ್ಪಂದ. ಆದರೆ ಪಳಗಿದ ಆಟಗಾರರ ಮಾರುಕಟ್ಟೆ ಬೇರೆ. 2025ರಲ್ಲಿ ಕಿಟಲ್ ಮತ್ತು ಟ್ರೇ ಮೆಕ್‌ಬ್ರೈಡ್ ವರ್ಷಕ್ಕೆ ಸರಾಸರಿ 19 ಮಿಲಿಯನ್ ಡಾಲರ್ ಆಸುಪಾಸಿನ ಒಪ್ಪಂದ ಮಾಡಿಕೊಂಡರು, ಟೈಟ್ ಎಂಡ್‌ಗಳಲ್ಲಿ ಆಗ ಅದೇ ಮೇಲಿನ ಮಟ್ಟ. ಅದೇ ವರ್ಷ ರಿಸೀವರ್ ಜಮಾರ್ ಚೇಸ್‌ಗೆ ವರ್ಷಕ್ಕೆ 40 ಮಿಲಿಯನ್ ದಾಟಿತು. ಅಂದರೆ ಡ್ರಾಫ್ಟ್‌ನಲ್ಲಿ ಒಳ್ಳೆ ರಿಸೀವರ್ ಸಿಕ್ಕರೆ ಉಳಿಯುವ ದುಡ್ಡು, ಒಳ್ಳೆ ಟೈಟ್ ಎಂಡ್ ಸಿಕ್ಕರೆ ಉಳಿಯುವುದಕ್ಕಿಂತ ಬಹಳ ಜಾಸ್ತಿ. ಮೊದಲ ಹತ್ತರೊಳಗೆ ಟೈಟ್ ಎಂಡ್ ಬೇಡ ಅನ್ನುವವರ ವಾದ ಇದೇ. ವಾದದಲ್ಲಿ ಹುರುಳಿದೆ.

2021ರಲ್ಲಿ ಅಟ್ಲಾಂಟಾ 4ನೇ ಪಿಕ್‌ನಲ್ಲಿ ಫ್ಲೋರಿಡಾದ ಕೈಲ್ ಪಿಟ್ಸ್‌ನನ್ನು ತಗೊಂಡಿತು. ಅಷ್ಟು ಮೇಲೆ ಹೋದ ಟೈಟ್ ಎಂಡ್ ಇನ್ನೊಬ್ಬನಿಲ್ಲ. ಮೊದಲ ವರ್ಷ 1,026 ಗಜ, ಒಂದೇ ಟಚ್‌ಡೌನ್. ಆಮೇಲಿನ ವರ್ಷಗಳಲ್ಲಿ ಆ ಎತ್ತರ ಸಿಗಲಿಲ್ಲ. ಪಿಟ್ಸ್ ಕೆಟ್ಟ ಆಟಗಾರ ಏನಲ್ಲ. ಆದರೆ ಅವನ ನಂತರ ಹೋಗಿ ದೊಡ್ಡ ಹೆಸರಾದವರು ಯಾರು? 5ನೇ ಪಿಕ್ ಅದೇ ಜಮಾರ್ ಚೇಸ್. 7ನೇ ಪಿಕ್ ಪೆನೈ ಸೂಯೆಲ್. 9ನೇ ಪಿಕ್ ಪ್ಯಾಟ್ರಿಕ್ ಸರ್ಟೇನ್. 12ನೇ ಪಿಕ್ ಮೈಕಾ ಪಾರ್ಸನ್ಸ್. ಅಟ್ಲಾಂಟಾ ಅಭಿಮಾನಿಗಳ ಮುಂದೆ ಈ ಪಟ್ಟಿ ಓದಬೇಡಿ.

ಇನ್ನೊಂದು ಕಡೆ, ಕೆಲ್ಸಿ 63ನೇ ಪಿಕ್, ಆಂಡ್ರೂಸ್ 86, ಮೆಕ್‌ಬ್ರೈಡ್ 55, ಕಿಟಲ್ 146. ಕೆಂಟ್ ಸ್ಟೇಟ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ ಆಂಟೋನಿಯೊ ಗೇಟ್ಸ್‌ನನ್ನು 2003ರಲ್ಲಿ ಯಾರೂ ಡ್ರಾಫ್ಟ್ ಮಾಡಲೇ ಇಲ್ಲ, ಈಗ ಹಾಲ್ ಆಫ್ ಫೇಮ್‌ನಲ್ಲಿ ಇದ್ದಾನೆ. ಈ ಜಾಗಕ್ಕೆ ಎರಡು, ಮೂರನೇ ಸುತ್ತಿನಲ್ಲಿ ಸಿಗುವಷ್ಟು ಒಳ್ಳೆಯ ಸರಕು ಬೇರೆ ಕಡೆ ಕಡಿಮೆ. 2025ರಲ್ಲಿ ಫ್ಯಾನಿನ್ 67ನೇ ಪಿಕ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದ. ಬರೀ ಬೆಲೆ ನೋಡಿ ಹೇಳು ಅಂದರೆ ಮೂವರಲ್ಲಿ ನನ್ನ ವೋಟು ಅವನಿಗೇ. ಮೊದಲ ಸುತ್ತಿನ ಪಿಕ್ ಕೈಯಲ್ಲಿದ್ದು, ಈಗಾಗಲೇ ಒಬ್ಬ ವೈ ಇದ್ದರೆ ಲವ್‌ಲ್ಯಾಂಡ್. ಯಾರೂ ಇಲ್ಲದೆ, ಓಟದ ಆಟ ಮುಖ್ಯವಾಗಿದ್ದರೆ ವಾರನ್. ಎರಡನೇ ವರ್ಷಕ್ಕೆ ಕಾಯುವ ತಾಳ್ಮೆ ಮಾಲೀಕರಿಗೆ ಇಲ್ಲದಿದ್ದರೂ ವಾರನ್ನೇ.

ತಾಳ್ಮೆ ಅಂದದ್ದಕ್ಕೆ ಕಾರಣ ಇದೆ. ಟೈಟ್ ಎಂಡ್ ಸಾಲಿನವರ ಕೆಲಸವನ್ನೂ, ರಿಸೀವರ್ ಕೆಲಸವನ್ನೂ ಎರಡನ್ನೂ ಕಲಿಯಬೇಕು. 1961ರಲ್ಲಿ ಮೈಕ್ ಡಿಟ್ಕಾ ಮೊದಲ ವರ್ಷವೇ 1,076 ಗಜ ಗಳಿಸಿದ್ದರು. ಆಮೇಲೆ ಹೊಸಬನೊಬ್ಬ ಸಾವಿರ ದಾಟಲು 2021ರ ಪಿಟ್ಸ್ ತನಕ ಕಾಯಬೇಕಾಯಿತು. ಬೋವರ್ಸ್, ಲಪೋರ್ಟಾ ಬಂದ ಮೇಲೆ ಜನರ ಆಸೆ ಜಾಸ್ತಿಯಾಗಿದೆ ಅಷ್ಟೇ.

ಫ್ಯಾಂಟಸಿಗಾಗಿ ನೋಡುವವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬ್ಲಾಕ್‌ಗೆ ಅಲ್ಲಿ ಅಂಕ ಇಲ್ಲ. ವಾಷಿಂಗ್ಟನ್ ಥರದವನು ಪಿಟ್ಸ್‌ಬರ್ಗ್‌ಗೆ ಚಿನ್ನ, ನಿಮ್ಮ ತಂಡಕ್ಕೆ ಸುಮ್ನೆ ಒಂದು ಜಾಗ ದಂಡ. ಆದರೆ ಬ್ಲಾಕ್ ಬಾರದೇ ಇರುವವನನ್ನು ಕೋಚ್ ಓಟದ ಡೌನ್‌ಗಳಲ್ಲಿ ಹೊರಗೆ ಕೂರಿಸುತ್ತಾರೆ, ಆಗ ಕ್ಯಾಚ್ ಕೂಡ ಕಡಿಮೆಯಾಗುತ್ತದೆ ಅನ್ನುವುದು ನೆನಪಿರಲಿ.

ಒಂದು ಸಂಜೆ ಮಾತ್ರ ಸಮಯ ಇದ್ದರೆ ಹೀಗೆ ಮಾಡಿ. ಆ ಹುಡುಗ ಎದುರಿಸಿದ ಅತಿ ಗಟ್ಟಿ ಡಿಫೆನ್ಸ್ ಇದ್ದ ಪಂದ್ಯ ಒಂದನ್ನು ಆರಿಸಿ. ಮೊದಲ ಸಲ ಓಟದ ಆಟಗಳನ್ನು ಮಾತ್ರ ನೋಡಿ, ಕಾಲು ನಿಲ್ಲುತ್ತದಾ ಅಂತ. ಎರಡನೇ ಸಲ ಮೂರನೇ ಡೌನ್‌ಗೆ ಐದರಿಂದ ಎಂಟು ಗಜ ಬೇಕಾದಾಗ ಏನಾಯಿತು ನೋಡಿ. ಚೆಂಡು ಅವನಿಗೆ ಬರದಿದ್ದರೂ ನೋಡಿ, ಕಾವಲಿನವನಿಂದ ಬಿಡಿಸಿಕೊಂಡನಾ ಅಷ್ಟೇ ಮುಖ್ಯ. ಗೋಲ್ ಲೈನ್ ಹತ್ತಿರದ ಟಚ್‌ಡೌನ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಕಾಲೇಜಿನಲ್ಲಿ ಅವು ಬರೀ ಎತ್ತರದಿಂದಲೂ ಬರುತ್ತವೆ.